ಗುಡ್ಡೆ ಹತ್ತುವ ಹಳೆ ಜೀಪು-ಪಿಕಪ್‌ಗೆ ಐದಿಂಚು ಎತ್ತರಿಸುವ ಲಿಫ್ಟ್ ಬೇಕೇ?

ಪರ

ಕಾಸರಗೋಡಿನ ಎಣ್ಮಕಜೆ, ದೇಲಂಪಾಡಿ ಕಡೆಯ ತೋಟದ ದಾರಿಯಲ್ಲಿ ಜೂನ್ ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಮುರಕಲ್ಲು ಉಳಿಯುತ್ತದೆ. ತೋಡಿಗಿಳಿದು ಆಚೆ ದರೆ ಹತ್ತುವಾಗ ಬಂಪರು ನೆಲಕ್ಕೆ ಕುಟ್ಟುತ್ತದೆ, ದಿಣ್ಣೆಯ ನೆತ್ತಿಗೆ ಬಂದಾಗ ಗಾಡಿಯ ಹೊಟ್ಟೆ ತಾಗಿ ಕೂರುತ್ತದೆ. ಇಂಥ ಕಡೆ ಎಂಜಿನ್ನಿನ ಬಲಕ್ಕಿಂತ ಎತ್ತರವೇ ಮುಖ್ಯ.

ಹಳೆ ಮಹೀಂದ್ರಾ ಜೀಪುಗಳಲ್ಲಿ ಮುಂದೆಯೂ ಹಿಂದೆಯೂ ಎರಡು ಚಕ್ರಗಳ ನಡುವೆ ಅಡ್ಡಕ್ಕಿರುವ ಇಡೀ ಆಕ್ಸಲ್, ಅದರ ಕೆಳಗೆ ಲೀಫ್ ಪ್ಲೇಟು, ಅಂದರೆ ಪಟ್ಟಿ ಸ್ಪ್ರಿಂಗು. ಆ ಪ್ಲೇಟನ್ನು ಆಕ್ಸಲ್‌ನ ಮೇಲಕ್ಕೆ ತಂದು ಕಟ್ಟಿದರೆ ಗಾಡಿ ಸುಮಾರು ಐದಿಂಚು ಏಳುತ್ತದೆ. ಚಾಸಿ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಡೀಸೆಲ್ ಟ್ಯಾಂಕ್ ಎಲ್ಲವೂ ಕಲ್ಲಿನಿಂದ ದೂರವಾಗುತ್ತವೆ. ಕೆಳಗೆ ಜೋತು ಕಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದ, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳ ಕಾಟವೂ ತಪ್ಪುತ್ತದೆ. ದೊಡ್ಡ ಟಯರಿಗೆ ಜಾಗವಾಗುತ್ತದೆ. ಉದ್ದದ ಶಾಕ್, ಉದ್ದದ ಬ್ರೇಕ್ ಹೋಸು ಹಾಕಿ, ಸ್ಟೇರಿಂಗ್ ರಾಡಿನ ಕೋನ ಸರಿಮಾಡಿ ಕೊಡುವ ಮೆಕ್ಯಾನಿಕ್ ಸಿಕ್ಕರೆ ಮಾಡಿಸಲೇಬೇಕು. ಹೊಸ ಫೋರ್‌ವೀಲ್ ಕೊಳ್ಳಲಾಗದ ಕೃಷಿಕನಿಗೆ ಮನೆಯಲ್ಲಿರುವ ಗಾಡಿಯೇ ಮಳೆಗಾಲವಿಡೀ ಅಂಗಳದವರೆಗೆ ಬರುವುದು ಸಣ್ಣ ಮಾತಲ್ಲ.

ವಿರೋಧ

ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವುದು ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಗುಂಡು. ಅದು ಆಕ್ಸಲ್‌ನಲ್ಲೇ ಇದೆ. ಪ್ಲೇಟು ಮೇಲಿರಲಿ, ಕೆಳಗಿರಲಿ, ಅದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ಟಯರು ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು: 28 ಇಂಚಿನದು ತೆಗೆದು 31 ಇಂಚಿನದು ಹಾಕಿದರೆ ಒಂದೂವರೆ ಇಂಚು. ನಮ್ಮ ದಾರಿಗಳಲ್ಲಿ ಎರಡು ಜಾಡಿನ ನಡುವೆ ಎದ್ದು ನಿಲ್ಲುವ ಕಲ್ಲಿಗೆ ಬಡಿಯುವುದು ಈ ಗುಂಡೇ.

ಐದಿಂಚು ಎತ್ತಿದ ಗಾಡಿಯಲ್ಲಿ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಕಡಿದಾಗಿ ಇಳಿಯುತ್ತದೆ, ಅದರ ತುದಿಯ ಕೀಲಾದ ಕ್ರಾಸ್ ಬೇಗ ಸವೆಯುತ್ತದೆ, ವೇಗ ಹೆಚ್ಚಿದಂತೆ ನಡುಕ. ಹೊಂಡಕ್ಕೆ ಬಿದ್ದಾಗ ಸ್ಟೇರಿಂಗ್ ತಾನಾಗಿ ಎಳೆಯುತ್ತದೆ. ದೊಡ್ಡ ಟಯರಿದ್ದರೆ ಗೇರಿನ ಎಳೆತ, ಬ್ರೇಕಿನ ಹಿಡಿತ ಎರಡೂ ತಗ್ಗುತ್ತವೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಇಷ್ಟೆಲ್ಲ ತೊಂದರೆ ಹೊತ್ತ ಗಾಡಿ ಗುಡ್ಡೆಯಲ್ಲೇ ಇರುವುದಿಲ್ಲವಲ್ಲ! ಅದೇ ಗಾಡಿ ಅಡಿಕೆ ಚೀಲ ಹೊತ್ತು, ಕೆಲವೊಮ್ಮೆ ರೋಗಿಯನ್ನು ಕೂರಿಸಿಕೊಂಡು, ಪೆರ್ಲದಿಂದ ಮಂಗಳೂರಿಗೆ ಓಡಬೇಕು.

ನನಗೆ ಎಲ್ಲಕ್ಕಿಂತ ಭಯ ಪಕ್ಕಕ್ಕೆ ವಾಲಿದ ದಾರಿಯದು. ಒಂದು ಬದಿ ದರೆ, ಇನ್ನೊಂದು ಬದಿ ಕಮರಿ, ಹಿಂದೆ ಗೊಬ್ಬರದ ಚೀಲದ ರಾಶಿ. ಭಾರ ಐದಿಂಚು ಮೇಲೆ ಹೋದ ಗಾಡಿ ಮೊದಲು ದಾಟಿದ ವಾಲಿನಲ್ಲೇ ಮಗುಚಬಹುದು. ಲೋಡು ಹತ್ತಿಸುವವರ ಬೆನ್ನಿಗೂ ಆ ಐದಿಂಚು ತಿಳಿಯುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಕೇರಳದ್ದೇ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು.

ಹಳೆ ಪಿಕಪ್ ತಗ್ಗಾಗಿ ಕಾಣುವುದು ಹೆಚ್ಚಾಗಿ ಪ್ಲೇಟು ಕುಸಿದಿರುವುದರಿಂದ. ಪ್ಲೇಟಿನ ಬಾಗು ಮತ್ತೆ ಸರಿಮಾಡುವ ಸೆಟ್ಟಿಂಗ್ ಮಾಡಿಸಿ, ಪ್ಲೇಟಿನ ತುದಿಯ ಬುಷ್, ಶ್ಯಾಕಲ್ ಕೊಂಡಿ ಬದಲಿಸಿ, ಕಂಪೆನಿ ಅಳತೆಯದ್ದೇ ಮಡ್ ಟಯರು ಹಾಕಿಸಿ. ನಡುವೆ ಎದ್ದ ಆ ಕಲ್ಲನ್ನು ಮಳೆಗೆ ಮೊದಲು ಹಾರೆ ಹಿಡಿದು ಒಡೆಯಿರಿ, ಜಾಡಿಗೆ ಜಲ್ಲಿ ತುಂಬಿಸಿ.