ನೋಟಿನ ಮೇಲೆ ಯಾರ ಲಿಪಿ ಮೊದಲು?

ಇಂಗ್ಲಿಷಿನ ನಂತರ ಯಾವ ಲಿಪಿ ಬರಬೇಕು ಎಂಬ ಜಗಳಕ್ಕೆ ಒಂದು ದೇಶ ತನ್ನ ಹೊಸ ನೋಟುಗಳನ್ನೇ ಹಿಂದಕ್ಕೆ ಪಡೆದದ್ದುಂಟು. ಅದು 1998ರ ನವೆಂಬರ್, ಹಿಂದೂ ಮಹಾಸಾಗರದ ದ್ವೀಪದೇಶ ಮಾರಿಷಸ್. ಅಲ್ಲಿಯವರೆಗೆ ನೋಟಿನ ಮೌಲ್ಯ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮಿಳಿನಲ್ಲಿ, ಆಮೇಲೆ ದೇವನಾಗರಿಯಲ್ಲಿ ಇರುತ್ತಿತ್ತು. ಹೊಸ ಸರಣಿಯಲ್ಲಿ ದೇವನಾಗರಿ ಮೇಲೇರಿತು, ತಮಿಳು ಕೆಳಗಿಳಿಯಿತು. ತಮಿಳರು ಸಿಡಿದೆದ್ದರು. ವರ್ಷ ಮುಗಿಯುವುದರೊಳಗೆ ಕೇಂದ್ರ ಬ್ಯಾಂಕಿನ ಗವರ್ನರ್ ಬದಲಾದರು. ನೋಟುಗಳು ಹಳೆಯ ಕ್ರಮದಲ್ಲೇ ಮತ್ತೆ ಅಚ್ಚಾದವು.

ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಪುದುಚೇರಿ ಕಡೆಯ ತಮಿಳು ಕುಶಲಕರ್ಮಿಗಳು ಫ್ರೆಂಚರ ಕಾಲದಲ್ಲೇ, ಅಂದರೆ 18ನೇ ಶತಮಾನದಲ್ಲೇ, ಅಲ್ಲಿಗೆ ಹೋಗಿ ಪೋರ್ಟ್ ಲೂಯಿ ಪಟ್ಟಣ ಕಟ್ಟಲು ದುಡಿದವರು. ಕಬ್ಬಿನ ತೋಟಗಳಿಗೆ ಬಿಹಾರದ ಕಡೆಯ ಕರಾರು ಕೂಲಿಗಳು ಬಂದಿಳಿಯತೊಡಗಿದ್ದು 1834ರಲ್ಲಿ. ಮೊದಲು ಬಂದವರಿಗೆ ಮೊದಲ ಸಾಲು ಎಂಬುದರಲ್ಲಿ ನ್ಯಾಯವಿಲ್ಲವೇ? ನಮ್ಮ ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಿಸಿರುವುದರಿಂದ ಆ ಸಾಲಿಗಾಗಿ ಯಾರೂ ಕಾದಾಡುವುದಿಲ್ಲ. ನಮ್ಮ ತಕರಾರೆಲ್ಲ ಪಟ್ಟಿಯ ಆಚೆ ದಪ್ಪಕ್ಷರದಲ್ಲಿ ಕೂತಿರುವ ಹಿಂದಿಯ ಬಗ್ಗೆ.

ಅಲ್ಲಿನ ಹಣದ ಹೆಸರೂ ರೂಪಾಯಿಯೇ. ಕೂಲಿಗಳ ವಲಸೆಯ ಜೊತೆಗೆ ಭಾರತದ ರೂಪಾಯಿಯೂ ಹೇರಳವಾಗಿ ಹರಿದು ಬಂದದ್ದರಿಂದ 1876ರಲ್ಲಿ ಬ್ರಿಟಿಷರು ರೂಪಾಯಿಯನ್ನೇ ದ್ವೀಪದ ಹಣವೆಂದು ಕಾನೂನು ಮಾಡಿದರು. 1967ರಲ್ಲಿ ಬ್ಯಾಂಕ್ ಆಫ್ ಮಾರಿಷಸ್ ಹೊರಡಿಸಿದ ಮೊದಲ ನೋಟುಗಳಲ್ಲಿ ಎಲಿಜಬೆತ್ ರಾಣಿ ಇದ್ದರು. ಮುಂದಿನ ವರ್ಷ ಸ್ವಾತಂತ್ರ್ಯ ಬಂತು. 1980ರ ದಶಕದ 20 ರೂಪಾಯಿ ನೋಟಿಗೆ ಆಗಿನ ಪ್ರಧಾನಿ ಅನಿರುದ್ಧ ಜಗನ್ನಾಥರ ಪತ್ನಿ ಸರೋಜಿನಿಯವರ ಚಿತ್ರ ಹಾಕಿದರು! ಅಧಿಕಾರದಲ್ಲಿರುವವರ ಮನೆಯವರನ್ನು ಜನರ ಜೇಬಿಗೆ ಇಳಿಸುವುದು ಯಾವ ಕಾಲಕ್ಕೂ ಸಲ್ಲದ ಕೆಲಸ.

ಹಾಗೆ ನೋಡಿದರೆ, ಲಿಪಿಯಲ್ಲಿ ಎಡವಿದ 1998ರ ಸರಣಿ ಮುಖಗಳ ವಿಷಯದಲ್ಲಿ ಬಹಳ ಲೆಕ್ಕಾಚಾರದ್ದು. 25ರಲ್ಲಿ ಚೀನೀ ಮೂಲದ ಆ-ಚುಯೆನ್, 50ರಲ್ಲಿ ಫ್ರೆಂಚ್ ಮೂಲದ ಪಾತುರೋ, 100ರಲ್ಲಿ ತಮಿಳರಾದ ರಂಗನಾಥನ್ ಶ್ರೀನಿವಾಸನ್, 200ರಲ್ಲಿ ಅಬ್ದುಲ್ ರಜಾಕ್ ಮೊಹಮದ್, 500ರಲ್ಲಿ ಸುಖದೇವ್ ಬಿಸುನ್‌ದಯಾಳ್. ಸಾವಿರದ್ದರಲ್ಲಿ ಕ್ರಿಯೋಲ್ ಸಮುದಾಯದ, ಅಂದರೆ ಆಫ್ರಿಕನ್ ಮತ್ತು ಮಿಶ್ರ ಮೂಲದವರ, ನಾಯಕ ಗಾಯೆಟಾನ್ ಡುವಾಲ್, ಎರಡು ಸಾವಿರದ್ದರಲ್ಲಿ ಮೊದಲ ಪ್ರಧಾನಿ ಶಿವಸಾಗರ ರಾಮಗೂಲಾಂ. ಮಜಾ ಏನೆಂದರೆ, ಈ ಡುವಾಲ್ 1967ರ ಚುನಾವಣೆಯಲ್ಲಿ ಸ್ವಾತಂತ್ರ್ಯವೇ ಬೇಡವೆಂದು ಹೋರಾಡಿದವರು. ಶೇಕಡಾ 44ರಷ್ಟು ಮತ ಅವರ ಕಡೆಗಿತ್ತು. ರಾಷ್ಟ್ರಪಿತ ರಾಮಗೂಲಾಂರನ್ನೂ ಅವರ ಕಡು ವಿರೋಧಿಯನ್ನೂ ಒಂದೇ ಸರಣಿಯಲ್ಲಿ ಕೂರಿಸುವ ದೊಡ್ಡತನ ಎಷ್ಟು ದೇಶಗಳಿಗಿದೆ? ಜಾತಿವಾರು ಹಂಚಿಕೆ ಎಂದು ಮೂಗು ಮುರಿಯುವವರು ಮುರಿಯಲಿ, ನನಗಂತೂ ಒಪ್ಪಿಗೆ.

2013ರಲ್ಲಿ 25, 50 ಮತ್ತು 500ರ ನೋಟುಗಳು ಕಾಗದ ಬಿಟ್ಟು ಪಾಲಿಮರ್ (ಒಂದು ಬಗೆಯ ಪ್ಲಾಸ್ಟಿಕ್) ಆದವು, 2018ರಲ್ಲಿ 2000ದ್ದು. ವಸ್ತು ಬದಲಾಯಿತು, ಮುಖಗಳು ಅವೇ.

ನನ್ನ ನಿಜವಾದ ತಕರಾರು ಬೇರೆ. ಆ ದ್ವೀಪದ ಸಂತೆಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ತಮಿಳರೂ ಬಿಹಾರಿ ಮೂಲದವರೂ ಚೀನೀಯರೂ ಆಡುವುದು ಫ್ರೆಂಚ್‌ನಿಂದ ಹುಟ್ಟಿದ ಕ್ರಿಯೋಲ್ ಎಂಬ ಆಡುಭಾಷೆ. ಲಿಪಿಯ ಕ್ರಮಕ್ಕಾಗಿ ಅಷ್ಟೆಲ್ಲ ರಂಪವಾದಾಗಲೂ ನೋಟಿನಲ್ಲಿ ಆ ಭಾಷೆಗೆ ಒಂದು ಸಾಲು ಸಿಗಲಿಲ್ಲ. 2012ರಿಂದ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಐಚ್ಛಿಕವಾಗಿ ಕಲಿಸುತ್ತಿದ್ದಾರೆ. ಮುಂದಿನ ಸರಣಿ ಅಚ್ಚಾಗುವ ಮೊದಲು ಅಲ್ಲಿನವರು ಜಗಳ ತೆಗೆಯುವುದಾದರೆ ಅದಕ್ಕಾಗಿ ತೆಗೆಯಲಿ.