ಪ್ಲೇಟೊ ಹೇಳುವ ಪ್ರೇಮದಲ್ಲಿ ಪ್ರೀತಿಸಿದ ವ್ಯಕ್ತಿಗೆ ಜಾಗವಿದೆಯೇ?

ಪರ

ದೇಹದ ಬಯಕೆಯಿಲ್ಲದ ಒಲವನ್ನು ನಾವಿಂದು ಪ್ಲೇಟಾನಿಕ್ ಪ್ರೇಮ ಎನ್ನುತ್ತೇವೆ. ಈ ಹೆಸರು ಹರಡಿದ್ದು 15ನೇ ಶತಮಾನದ ಫ್ಲಾರೆನ್ಸಿನ ತತ್ತ್ವಜ್ಞಾನಿ ಮಾರ್ಸಿಲಿಯೊ ಫಿಚೀನೊನಿಂದ. ಆದರೆ ಪ್ಲೇಟೊನಲ್ಲಿ ಬಯಕೆಯಿಲ್ಲದೆ ಪ್ರೇಮ ಹುಟ್ಟುವುದೇ ಇಲ್ಲ. ಅವನು ಬರೆದ ‘ಫೀಡ್ರಸ್’ ಸಂವಾದದಲ್ಲಿ ಅವನ ಗುರು ಸಾಕ್ರಟೀಸ್ ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸುತ್ತಾನೆ. ಪ್ರಿಯನಾದ ತರುಣ ಕಣ್ಣಿಗೆ ಬಿದ್ದೊಡನೆ ಒಳ್ಳೆಯ ಕುದುರೆ ನಾಚಿ ಹಿಂಜರಿಯುತ್ತದೆ, ಕೆಟ್ಟದ್ದು ಮುನ್ನುಗ್ಗುತ್ತದೆ. ಬಾಯಲ್ಲಿ ರಕ್ತ ಬರುವಂತೆ ಸಾರಥಿ ಅದರ ಲಗಾಮು ಜಗ್ಗುತ್ತಾನೆ. ಎಂದೋ ಉದುರಿದ್ದ ಆತ್ಮದ ರೆಕ್ಕೆಗಳು ಮತ್ತೆ ಮೊಳೆಯತೊಡಗುತ್ತವೆ. ಹಲ್ಲು ಮೂಡುವ ಮಗುವಿನ ವಸಡಿನಂತೆ ಅವುಗಳ ಬುಡ ನವೆಯಾಡುತ್ತದೆ. ಇಷ್ಟೊಂದು ತಳಮಳವನ್ನು ಬಲ್ಲ ಬರಹಗಾರನಿಗೆ ವ್ಯಕ್ತಿ ಮುಖ್ಯನಲ್ಲ ಎಂದರೆ ನಾನು ಒಪ್ಪಲಾರೆ.

ಆ ಕಥನದ ಕೊನೆಯನ್ನೂ ನೋಡಬೇಕು. ಸಂಯಮ ಕಾಯ್ದ ಪ್ರೇಮಿಗಳಿಗಷ್ಟೇ ಅಲ್ಲ, ಒಮ್ಮೊಮ್ಮೆ ಬಯಕೆಗೆ ಸೋತವರಿಗೂ ಸಾಕ್ರಟೀಸ್ ಕತ್ತಲೆಯ ದಾರಿ ವಿಧಿಸುವುದಿಲ್ಲ. ಅವರು ಬೆಳಕಿನಲ್ಲಿ ಜೊತೆಯಾಗಿ ನಡೆಯುತ್ತಾರೆ, ಜೊತೆಯಾಗಿಯೇ ರೆಕ್ಕೆ ಪಡೆಯುತ್ತಾರೆ. ಜೊತೆಗಾರನನ್ನು ಹಿಂದೆ ಬಿಟ್ಟು ಮೇಲೇರುವ ಮಾತು ಇಲ್ಲಿಲ್ಲ.

ವಿರೋಧ

‘ಫೀಡ್ರಸ್’ನ ಪ್ರೇಮಿಯೂ ಹುಟ್ಟುವ ಮುನ್ನ ತನ್ನ ಆತ್ಮ ಹಿಂಬಾಲಿಸಿದ ದೇವರ ಹೋಲಿಕೆಯಿರುವವನನ್ನೇ ಅರಸುತ್ತಾನೆ; ಗ್ರೀಕರ ದೇವರಾಜ ಜ್ಯೂಸನ ಅನುಯಾಯಿಗೆ ಜ್ಯೂಸನ ಗುಣವಿರುವವನೇ ಬೇಕು. ಅಂದಮೇಲೆ ಅವನು ಒಲಿದದ್ದು ಆ ತರುಣನಿಗೋ, ದೇವರಿಗೋ?

ಪ್ಲೇಟೊನ ಇನ್ನೊಂದು ಸಂವಾದ ‘ಸಿಂಪೋಸಿಯಂ’ನಲ್ಲಿ ಈ ಅನುಮಾನವೂ ಉಳಿಯುವುದಿಲ್ಲ. ಕ್ರಿ.ಪೂ. 416ರಲ್ಲಿ ನಾಟಕ ಸ್ಪರ್ಧೆ ಗೆದ್ದ ಕವಿ ಅಗಥಾನನ ಮನೆಯ ಔತಣ ಅದು. ಮಾಂಟಿನೀಯ ಎಂಬ ಊರಿನ ಜ್ಞಾನಿ ಹೆಂಗಸು ಡಯೋಟಿಮಾ ತನಗೆ ಕಲಿಸಿದ್ದನ್ನು ಸಾಕ್ರಟೀಸ್ ಅಲ್ಲಿ ಹೇಳುತ್ತಾನೆ: ಒಂದು ಚೆಲುವಾದ ದೇಹದಿಂದ ಎಲ್ಲ ಚೆಲುವಾದ ದೇಹಗಳಿಗೆ, ಅಲ್ಲಿಂದ ಆತ್ಮ, ಆಚಾರ, ಕಾನೂನು, ಜ್ಞಾನಗಳಿಗೆ, ಕೊನೆಗೆ ಸೌಂದರ್ಯವೆಂಬ ತತ್ತ್ವಕ್ಕೇ. ಎರಡನೆಯ ಮೆಟ್ಟಿಲಿಗೇ ಮೊದಲಿನ ಒಬ್ಬನ ಮೇಲಿನ ಉತ್ಕಟ ಮೋಹ ಕ್ಷುಲ್ಲಕವೆನಿಸಬೇಕಂತೆ. ಇಂಥ ಪ್ರೇಮ ಮನುಷ್ಯನ ಗುಣಗಳನ್ನು ಪ್ರೀತಿಸುತ್ತದೆ, ಆ ಮನುಷ್ಯನನ್ನಲ್ಲ ಎಂದು 20ನೇ ಶತಮಾನದ ವಿದ್ವಾಂಸ ಗ್ರೆಗರಿ ವ್ಲಾಸ್ಟೋಸ್ ಎತ್ತಿದ ಆಕ್ಷೇಪಕ್ಕೆ ಈ ಮೆಟ್ಟಿಲುಗಳೇ ಸಾಕ್ಷಿ.

ಆಮೇಲೆ ಅಥೆನ್ಸಿನ ರಾಜಕಾರಣಿ ಆಲ್ಸಿಬಯಾಡಿಸ್ ಕುಡಿದು ಔತಣದ ಮನೆಯೊಳಗೆ ನುಗ್ಗುತ್ತಾನೆ. ಅವನಿಗೆ ಸೌಂದರ್ಯತತ್ತ್ವ ಬೇಕಿಲ್ಲ, ಸಾಕ್ರಟೀಸ್ ಬೇಕು. ಪೊಟಿಡಿಯದ ಯುದ್ಧದಲ್ಲಿ ತನ್ನ ಜೀವ ಉಳಿಸಿದವನು, ಅಲ್ಲಿನ ಹಿಮಗಡ್ಡೆಯ ಮೇಲೆ ಬರಿಗಾಲಲ್ಲಿ ನಡೆದವನು, ಇಂಥವನು ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ ಎನ್ನುತ್ತಾನೆ. ಒಂದೇ ಹೊದಿಕೆಯಡಿ ರಾತ್ರಿ ಕಳೆದರೂ, ತಂದೆಯ ಅಥವಾ ಅಣ್ಣನ ಮಗ್ಗುಲಿಂದ ಎದ್ದಂತೆ ಎದ್ದು ಬಂದ ಅವಮಾನವನ್ನೂ ಎಲ್ಲರೆದುರು ಹೇಳಿಕೊಳ್ಳುತ್ತಾನೆ. ಈ ನೋವನ್ನು ಪ್ಲೇಟೊ ಅರಿತೇ ಬರೆದಿದ್ದಾನೆ. ಡಯೋಟಿಮಾಳ ಬೋಧನೆಯಲ್ಲಿ ಇದಕ್ಕೆ ಉತ್ತರವಿಲ್ಲ.