ಬೀಗದ ಕೈ ಯಾರ ಹತ್ತಿರ ಇದೆ?

ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ ಆಯಿತು. ಹೋದ ಚಳಿಗಾಲದಲ್ಲಿ ಇಲ್ಲಿನ ಗೆಳೆಯನೊಬ್ಬನಿಗೆ ‘ನಾಗಮಂಡಲ’ ತೋರಿಸಿದೆ. ಗಿರೀಶ ಕಾರ್ನಾಡರ ನಾಟಕವನ್ನು 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದ್ದು. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ಗಂಡನ ರೂಪ ತಾಳಿ ರಾಣಿ ಹತ್ತಿರ ಬರುವ ಹಾವು ಯಾವಾಗ ಬರುತ್ತೆ ಅಂತ ನಾನು ಕಾಯ್ತಾ ಇದ್ದೆ. ಗೆಳೆಯ ಮಾತ್ರ ಬಾಗಿಲನ್ನೇ ನೋಡುತ್ತಿದ್ದ. “ಬೀಗ ಒಡೆಯೋಕೆ ಯಾರೂ ಬರಲ್ವಾ?” ಅಂದ.

ಆ ಸಿನಿಮಾ ನಾನು ಅದಕ್ಕೂ ಮೊದಲು ಮೂರು ಸಲ ನೋಡಿದ್ದೆ. ಒಮ್ಮೆಯೂ ಈ ಪ್ರಶ್ನೆ ಹೊಳೆದಿರಲಿಲ್ಲ.

ಅವನಿಗೆ ಯಾಕೆ ಹೊಳೆಯಿತು ಅಂತ ಆಮೇಲೆ ಯೋಚಿಸಿದೆ. ಒಬ್ಬರ ಮನಸ್ಸನ್ನು ಇನ್ನೊಬ್ಬರು ಕಟ್ಟಿಹಾಕುವ ಥ್ರಿಲ್ಲರ್‌ಗಳಲ್ಲಿ ಇಂಗ್ಲಿಷಿನವರು ಮೊದಲು ಹುಡುಕುವುದು ಕಟ್ಟಿದವನನ್ನು. 1944ರ ‘ಗ್ಯಾಸ್‌ಲೈಟ್’ ತಗೊಳ್ಳಿ. ಇನ್‌ಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ. ಗಂಡ ತಾನೇ ವಸ್ತುಗಳನ್ನು ಬಚ್ಚಿಟ್ಟು, ನಿನಗೆ ಮರೆವು, ನಿನ್ನ ತಲೆ ಸರಿಯಿಲ್ಲ ಅಂತ ಹೆಂಡತಿಯನ್ನು ನಂಬಿಸುತ್ತಾನೆ. ರಾತ್ರಿ ಹೊರಗೆ ಹೋದವನ ಹಾಗೆ ನಟಿಸಿ, ಅಟ್ಟ ಹತ್ತಿ ಒಡವೆ ಹುಡುಕುತ್ತಾನೆ. ಅಲ್ಲಿ ದೀಪ ಹಚ್ಚಿದರೆ ಕೆಳಗಿನ ಕೋಣೆಗೆ ಬರುವ ಗ್ಯಾಸ್ ಕಮ್ಮಿಯಾಗಿ ಅವಳ ದೀಪ ಸಣ್ಣಗಾಗುತ್ತದೆ. ಅದೂ ತನ್ನ ಭ್ರಮೆಯೇ ಅಂದುಕೊಂಡಿರುತ್ತಾಳೆ ಪಾಪ. ಕೊನೆಗೆ ಸ್ಕಾಟ್ಲೆಂಡ್ ಯಾರ್ಡಿನವನೊಬ್ಬ ಬಂದು ಕೂರುತ್ತಾನೆ. ದೀಪ ಸಣ್ಣಗಾಗುತ್ತದೆ. ಅವನೂ ನೋಡುತ್ತಾನೆ. ಅಷ್ಟೇ ಸಾಕಾಗುತ್ತದೆ ಅವಳಿಗೆ.

ನಮ್ಮ ಕಡೆ ಆ ಪೊಲೀಸಿನವನ ಜಾಗದಲ್ಲಿ ಡಾಕ್ಟರ್ ಬರುತ್ತಾನೆ. ಅವನು ಪರೀಕ್ಷೆ ಮಾಡುವುದು ಅವಳನ್ನು. ‘ಆಪ್ತಮಿತ್ರ’ಕ್ಕೆ ಮೂಲವಾದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನಲ್ಲಿ ಒಂದು ದೃಶ್ಯವಿದೆ. ಗಂಗಾ ಒಡವೆ ಕೊಳ್ಳಲು ಹೊರಡುತ್ತಾಳೆ. ಗಂಡ ಈಗ ಹೋಗಬೇಡ ಅನ್ನುತ್ತಾನೆ. ಯಾಕೆ ಅಂತಾಳೆ. ಬೇಡ ಅಂದರೆ ಬೇಡ. ನೋಡ್ತಾ ನೋಡ್ತಾ ಗಂಗಾ ಪಾತ್ರ ಮಾಡಿದ ಶೋಭನಾ ಅವರ ದನಿ ಬದಲಾಗುತ್ತದೆ, ಕಣ್ಣು ಬದಲಾಗುತ್ತದೆ, ಮಂಚವನ್ನೇ ಎತ್ತಿಬಿಡುತ್ತಾಳೆ. ಡಾಕ್ಟರ್ ಹೇಳಿಕೊಟ್ಟಿದ್ದಕ್ಕೇ ಗಂಡ ಹಾಗೆ ತಡೆದಿದ್ದು, ತಾನು ಬೇರೊಬ್ಬಳು ಅಂದುಕೊಳ್ಳುವ ಅವಳ ಕಾಯಿಲೆ ಹೊರಗೆ ಬರಲಿ ಅಂತ. ಸರಿ. ಆದರೆ ‘ನಾನು ಯಾಕೆ ಹೋಗಬಾರದು’ ಅಂತ ಜೋರಾಗಿ ಕೇಳೋಕೆ ಅವಳು ಇನ್ನೊಬ್ಬಳೇ ಆಗಬೇಕಾಯಿತಲ್ಲ!

ಹಾಗಂತ ಅವರದೇ ಮೇಲು ಅಂತ ಹೇಳೋಕೆ ನಾನು ತಯಾರಿಲ್ಲ. ‘ಗ್ಯಾಸ್‌ಲೈಟ್’ನಲ್ಲಿ ಕಳ್ಳ ಸಿಕ್ಕ ಮೇಲೆ ಭಯ ಮುಗಿಯಿತು. ನಮ್ಮ ‘ಶರಪಂಜರ’ದಲ್ಲಿ ಅದು ಮುಗಿಯುವುದೇ ಇಲ್ಲ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ಕೈ, ಕಲ್ಪನಾ ಅವರ ಮುಖ. ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಎಲ್ಲರ ಕಣ್ಣಲ್ಲೂ ಅವಳು ಹುಚ್ಚಾಸ್ಪತ್ರೆಯಿಂದ ಬಂದವಳು. ನಕ್ಕರೂ ಕಷ್ಟ, ಸಿಟ್ಟಾದರೂ ಕಷ್ಟ. ಅಟ್ಟದ ಮೇಲೆ ಯಾರೂ ಬಚ್ಚಿಟ್ಟುಕೊಂಡಿಲ್ಲ, ಎಲ್ಲರೂ ಎದುರಿಗೇ ಇದ್ದಾರೆ. ಯಾವ ಪತ್ತೇದಾರ ಬಂದು ಯಾರನ್ನು ಹಿಡಿಯಬೇಕು? ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದೇ.

ಒಂದು ವಿಷಯಕ್ಕೆ ಮಾತ್ರ ಹೊಟ್ಟೆಕಿಚ್ಚು. ‘ಗ್ಯಾಸ್‌ಲೈಟ್’ ಅನ್ನುವ ಆ ಹಳೇ ಚಿತ್ರದ ಹೆಸರೇ ಇವರ ದಿನದ ಮಾತಾಗಿದೆ. ಒಬ್ಬರು ತಮ್ಮ ಬುದ್ಧಿಯನ್ನೇ ನಂಬದ ಹಾಗೆ ಮಾಡುವುದಕ್ಕೆ ‘ಗ್ಯಾಸ್‌ಲೈಟಿಂಗ್’ ಅನ್ನುತ್ತಾರೆ. ಇಲ್ಲಿ ಕಾನೂನೂ ಇದೆ. ಜೊತೆಗಾರರನ್ನೋ ಮನೆಯವರನ್ನೋ ಪದೇ ಪದೇ ಹೀಗೆ ಹಿಡಿತದಲ್ಲಿಟ್ಟು ಬದುಕು ಕೆಡಿಸುವುದನ್ನು 2015ರ ಕಾಯ್ದೆ ಅಪರಾಧ ಅಂತ ಮಾಡಿದೆ. 5 ವರ್ಷದವರೆಗೂ ಜೈಲು. ಮೈಮೇಲೆ ಹೊಡೆದ ಗುರುತೇ ಇರಬೇಕಂತಿಲ್ಲ. ನಮ್ಮಲ್ಲೂ 2005ರ ಕಾಯ್ದೆ ಮನಸ್ಸಿಗೆ ಕೊಡುವ ಹಿಂಸೆಯನ್ನು ಲೆಕ್ಕಕ್ಕೆ ತಗೊಂಡಿದೆ. ಆದರೆ ಅದಕ್ಕೆ ಬಾಯಿಗೆ ಬರುವಂಥ ಒಂದು ಪದ ಹುಟ್ಟಿಲ್ಲ. ನಮ್ಮ ಹತ್ತಿರ ಇರೋದು ‘ಹದ್ದುಬಸ್ತು’. ಹೆಂಡತೀನ ಹದ್ದುಬಸ್ತಿನಲ್ಲಿ ಇಟ್ಟಿದ್ದಾನೆ ಅಂದರೆ ಅದು ಬೈಗುಳ ಅಲ್ಲ, ಹೊಗಳಿಕೆ! ಇನ್ನೊಂದು, ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’. ಇದನ್ನು ನಾನೂ ನನ್ನ ಮಗಳಿಗೆ ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ.

‘ನಾಗಮಂಡಲ’ ಮುಗಿದಾಗ ಗೆಳೆಯ ಇನ್ನೂ ಗೊಂದಲದಲ್ಲೇ ಇದ್ದ. ರಾಣಿ ಪಂಚಾಯಿತಿ ಮುಂದೆ ಹಾವು ಹಿಡಿದು ಪ್ರಮಾಣ ಮಾಡುತ್ತಾಳೆ, ದೇವಿ ಆಗುತ್ತಾಳೆ. ವಿಚಾರಣೆ ಅವಳ ಶೀಲದ್ದು, ಬೀಗದ್ದಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳೋಕೆ ನನಗೆ ಸರಿಯಾಗಿ ಬರಲಿಲ್ಲ.

ಆಮೇಲೆ ಅಮ್ಮ ಇಲ್ಲಿಗೆ ಬಂದಾಗ ‘ಗ್ಯಾಸ್‌ಲೈಟ್’ ಹಾಕಿದೆ. ಪಕ್ಕದಲ್ಲಿ ಕೂತು ಮಾತೆಲ್ಲ ಕನ್ನಡದಲ್ಲಿ ಹೇಳ್ತಾ ಹೋದೆ. ದೀಪ, ಅಟ್ಟ, ಒಡವೆ ಯಾವುದಕ್ಕೂ ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಆ ಹುಡುಗಿಗೆ ಹೆತ್ತವರಿಲ್ಲ, ಸಾಕಿದ ಚಿಕ್ಕಮ್ಮನೂ ಕೊಲೆಯಾಗಿದ್ದಾಳೆ ಅಂತ ಗೊತ್ತಾದ ಕೂಡಲೇ, “ಅದಕ್ಕೇ ನೋಡು ಇವನಿಗಿಷ್ಟು ಧೈರ್ಯ. ಅವಳಿಗೆ ತವರೇ ಇಲ್ವಲ್ಲೋ” ಅಂದರು.